ಬೀಗ ಯಾರಿಗಾಗಿ?

ನಮ್ಮ ಸಂಘದ ವಾಚನಾಲಯಕ್ಕೆ ತಾಗಿರುವ ಕೋಣೆಯಲ್ಲಿ ಐದು ಕಂಪ್ಯೂಟರುಗಳನ್ನು ಇರಿಸಿ, ಶಾಲಾ ಮಕ್ಕಳಿಗೂ ಉದ್ಯೋಗ ಅರಸುತ್ತಿರುವ ತರುಣರಿಗೂ ಸಮಾನವಾಗಿ ತೆರೆದಿಡಬೇಕೆಂದು ಕಾರ್ಯಕಾರಿ ಸಮಿತಿಯು ನಿರ್ಣಯಿಸಿರುವುದು ಸದಸ್ಯರೆಲ್ಲರಿಗೂ ತಿಳಿದ ವಿಷಯ. ನಿರ್ಣಯವು ಸರ್ವಾನುಮತದಿಂದ ಅಂಗೀಕಾರವಾಯಿತು. ಆದರೆ ಅದರ ಬೆನ್ನಿಗೇ ಎದ್ದ ಒಂದು ಸಣ್ಣ ಪ್ರಶ್ನೆ ಸಭೆಯನ್ನು ರಾತ್ರಿ ಒಂಬತ್ತೂವರೆಯವರೆಗೆ ಎಳೆಯಿತು. ಕೋಣೆಯ ಬಾಗಿಲಿಗೆ ಎರಡು ಬೀಗ, ಮೂಲೆಗೊಂದು ಕ್ಯಾಮರಾ, ಪ್ರತಿಯೊಂದು ಯಂತ್ರಕ್ಕೂ ಉಕ್ಕಿನ ಸರಿಗೆ ಬೇಕೆಂದು ಒಬ್ಬರು ವಾದಿಸಿದರು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಬರುವವರು ನಮ್ಮವೇ ಮಕ್ಕಳಲ್ಲವೇ? ಒಳಗೆ ಕಾಲಿಡುವ ಮೊದಲೇ ಅವರನ್ನು ಕಳ್ಳರೆಂದು ಎಣಿಸುವುದು ಸಂಘಕ್ಕೆ ಶೋಭೆಯೇ?" ಎಂದು ಕೇಳಿದರು. ಕೊನೆಗೆ ಎಲ್ಲರ ದೃಷ್ಟಿಯೂ ನಮ್ಮ ಕಡೆ ಹೊರಳಿತು. "ಇಡೀ ಆಯುಷ್ಯ ಮಕ್ಕಳ ನಡುವೆ ಕಳೆದವರು ನೀವು. ನೀವೇ ಹೇಳಿ ಮಾಸ್ಟ್ರೇ" ಎಂದರು ಅಧ್ಯಕ್ಷರು. ನಾವು ಅಂದು ಏನನ್ನೂ ಹೇಳಲಿಲ್ಲ. ಉತ್ತರ ಹೊಳೆಯಲಿಲ್ಲವೆಂದಲ್ಲ, ಹೊಳೆದ ಉತ್ತರವನ್ನು ಹೇಳಬೇಕಾದರೆ ಇಪ್ಪತ್ತು ವರ್ಷಗಳಷ್ಟು ಹಿಂದಿನ ಒಂದು ಪ್ರಸಂಗವನ್ನೂ ಹೇಳಬೇಕಾಗಿತ್ತು. ಅದು ನಮಗೆ ಗೌರವ ತರುವಂಥದಲ್ಲ. ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಒತ್ತಾಯಿಸಿದಾಗ, ಬಾಯಿಂದ ಹೊರಡದ ಮಾತನ್ನು ಲೇಖನಿಯಿಂದ ಹೊರಡಿಸಬಹುದೆಂದು ತೋರಿತು.

ಬೀಗದ ವಿಷಯದಲ್ಲಿ ನಮಗೆ ಮೊದಲಿನಿಂದಲೂ ಒಂದು ತಿರಸ್ಕಾರವಿತ್ತು. ಬೀಗವೆಂದರೆ ಮನುಷ್ಯನ ಮೇಲಿನ ಅವಿಶ್ವಾಸದ ಲೋಹರೂಪ ಎಂದು ನಾವು ತಿಳಿದಿದ್ದೆವು. ನಮ್ಮ ಬಾಲ್ಯದಲ್ಲಿ ಅಂಗಳದಲ್ಲಿ ಹರವಿದ ಅಡಕೆ ಇರುಳಿಡೀ ಬೆಳದಿಂಗಳಲ್ಲಿ ಬಿದ್ದಿರುತ್ತಿತ್ತು. ಮುಂಬಾಗಿಲಿಗೆ ಚಿಲಕವಲ್ಲದೆ ಬೇರೇನೂ ಇರಲಿಲ್ಲ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಈಗ ಪ್ರಾಮಾಣಿಕವಾಗಿ ನೆನೆದರೆ, ಅದೇ ಮನೆಯ ಅಟ್ಟದ ಕೆಳಗಿದ್ದ ಪತ್ತಾಯಕ್ಕೆ ಒಂದು ಭಾರವಾದ ಬೀಗವಿತ್ತು, ಅದರ ಕೀಲಿಕೈ ಅಜ್ಜಿಯ ಸೊಂಟದಲ್ಲಿತ್ತು ಎಂಬುದೂ ನೆನಪಾಗುತ್ತದೆ. ಬೀಗವಿಲ್ಲದ ಕಾಲವೊಂದಿತ್ತು ಎನ್ನುವುದು ನಾವು ವಯಸ್ಸಾದವರು ನಮ್ಮ ಸಂತೋಷಕ್ಕಾಗಿ ಕಟ್ಟಿಕೊಂಡ ಕಥೆಯಿರಬೇಕು. ಇರಲಿ. ಅಂದು ನಮ್ಮ ನಂಬಿಕೆ ಹಾಗಿತ್ತು. ಮುಖ್ಯೋಪಾಧ್ಯಾಯರಾದ ಮೇಲೆ ಶಾಲೆಯ ಪುಸ್ತಕದ ಕಪಾಟನ್ನು ತೆರೆದೇ ಇಡಿಸಿದೆವು. ವರ್ಷಕ್ಕೆ ಏಳೆಂಟು ಪುಸ್ತಕಗಳು ಕಾಣೆಯಾಗುತ್ತಿದ್ದವು. ಓದುವವನೇ ಒಯ್ದಿರುತ್ತಾನೆ ಎಂದು ಸಮಾಧಾನ ತಂದುಕೊಳ್ಳುತ್ತಿದ್ದೆವು.

ಕೇರಳ ಸರಕಾರವು 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿತು. ಇಂದು ಕೈಟ್ ಎಂದು ಕರೆಯಲ್ಪಡುವ ಸಂಸ್ಥೆಯು 2017ರಲ್ಲಿ ರೂಪುಗೊಂಡದ್ದು ಅದರಿಂದಲೇ. ನಮ್ಮ ಶಾಲೆಯ ಹಂಚಿನ ಕಟ್ಟಡದ ತುದಿಯ ಕೋಣೆಗೆ ಮೊದಲು ಆರು ಕಂಪ್ಯೂಟರುಗಳು ಬಂದವು. ಒಂದೂವರೆ ವರ್ಷದ ಬಳಿಕ ರಕ್ಷಕ ಶಿಕ್ಷಕ ಸಂಘದವರು ಊರ ದಾನಿಗಳಿಂದ ಹಣ ಕೂಡಿಸಿ ಇನ್ನೂ ನಾಲ್ಕನ್ನು ಕೊಡಿಸಿದರು. ಕನ್ನಡ ಮಾಧ್ಯಮದ ತರಗತಿಗಳೂ ಮಲಯಾಳ ಮಾಧ್ಯಮದ ತರಗತಿಗಳೂ ಒಂದೇ ಸೂರಿನಡಿ ನಡೆಯುವ ಶಾಲೆ ಅದು. ತರಗತಿ ಬೇರೆ, ಅಧ್ಯಾಪಕರು ಬೇರೆ, ಪುಸ್ತಕ ಬೇರೆ. ಎರಡೂ ಮಾಧ್ಯಮದ ಮಕ್ಕಳು ಒಂದೇ ಕುರ್ಚಿಯಲ್ಲಿ ಸರದಿಯಂತೆ ಕುಳಿತುಕೊಳ್ಳುತ್ತಿದ್ದ ಸ್ಥಳವೆಂದರೆ ಆ ಕೋಣೆ ಮಾತ್ರ. ನಮಗೆ ಅದರ ಬಗ್ಗೆ ಬಹಳ ಹೆಮ್ಮೆಯಿತ್ತು.

ಮೊದಲ ಕಳವು ನಗು ತರಿಸುವಂಥದು. ಆ ಕಾಲದ ಮೌಸುಗಳ ಹೊಟ್ಟೆಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಗುಂಡು ಇರುತ್ತಿತ್ತು. ಒಳಗೆ ಕಬ್ಬಿಣ, ಹೊರಗೆ ರಬ್ಬರು. ತಳದ ಮುಚ್ಚಳವನ್ನು ಹೆಬ್ಬೆರಳಿನಿಂದ ತಿರುಗಿಸಿದರೆ ಅದು ಅಂಗೈಗೆ ಬೀಳುತ್ತಿತ್ತು. ಒಂದು ಸೋಮವಾರ ನೋಡಿದರೆ ಹತ್ತು ಮೌಸುಗಳಲ್ಲಿ ಎಂಟರ ಹೊಟ್ಟೆ ಖಾಲಿ. ಸಹೋದ್ಯೋಗಿಗಳು ಚೀಲ ತಪಾಸಣೆ ಆಗಬೇಕೆಂದರು. ನಾವು ಒಪ್ಪಲಿಲ್ಲ. ಜಗಲಿಯ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಒಂದು ಹಾಲುಪುಡಿ ಡಬ್ಬಿಯನ್ನು ಇರಿಸಿ, ತೆಗೆದವರು ಅದರಲ್ಲಿ ಹಾಕಬಹುದು, ಯಾರೂ ಕೇಳುವುದಿಲ್ಲ ಎಂದು ಪ್ರಾರ್ಥನೆಯ ವೇಳೆ ಹೇಳಿದೆವು. ವಾರದೊಳಗೆ ಏಳು ಗುಂಡುಗಳು ಮರಳಿ ಬಂದವು. ಎಂಟನೆಯದರ ಬದಲಿಗೆ ಒಂದು ಗಾಜಿನ ಗೋಲಿ ಇತ್ತು. ಕಳೆದುಕೊಂಡ ಮಗು ತನ್ನಲ್ಲಿದ್ದುದನ್ನು ಕೊಟ್ಟಿತ್ತು. ಆ ಗೋಲಿಯನ್ನು ನಾವು ಮೇಜಿನ ಮೇಲೆ ಬಹಳ ಕಾಲ ಇರಿಸಿಕೊಂಡಿದ್ದೆವು. ಬೀಗಗಳ ವಿರುದ್ಧ ನಮಗೆ ದೊರೆತ ಸಾಕ್ಷಿಯೆಂದು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆವು.

ಎರಡನೆಯ ಪ್ರಸಂಗ ನಡೆದುದು 2005ರ ಮಳೆಗಾಲದಲ್ಲಿ. ಹೊಸದೊಂದು ತಂತ್ರಾಂಶವನ್ನು ಅಳವಡಿಸುವಾಗ ನಾಲ್ಕು ಯಂತ್ರಗಳು ತೀರ ನಿಧಾನವಾಗಿರುವುದು ಕಂಪ್ಯೂಟರಿನ ಹೊಣೆ ಹೊತ್ತಿದ್ದ ಅಧ್ಯಾಪಕರ ಗಮನಕ್ಕೆ ಬಂತು. ಮುಚ್ಚಳ ತೆರೆದು ನೋಡಿದರೆ, ರ್‍ಯಾಮ್ ಎಂದು ಕರೆಯುವ ಸ್ಮೃತಿಫಲಕವನ್ನು ಕೂರಿಸುವ ಎರಡು ಸಂದುಗಳಲ್ಲಿ ಒಂದರಲ್ಲಿ ಮಾತ್ರ ಫಲಕವಿತ್ತು, ಇನ್ನೊಂದು ಬರಿದಾಗಿತ್ತು. ಉಳಿದ ಆರರಲ್ಲಿ ಎರಡೂ ತುಂಬಿದ್ದವು. ದಾಸ್ತಾನು ಪುಸ್ತಕವನ್ನು ತೆರೆದೆವು. ಹತ್ತು ಯಂತ್ರಗಳು, ಪ್ರತಿಯೊಂದರಲ್ಲಿ 256 ಎಂ.ಬಿ., ಎಂದರೆ 128ರ ಎರಡೆರಡು ಫಲಕಗಳು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಹೀಗೆ ನಾಲ್ಕು ಫಲಕಗಳು ಕಳವಾಗಿವೆಯೆಂಬುದು ಸಿದ್ಧವಾಯಿತು. ಅಂಗೈಯಗಲವೂ ಇಲ್ಲದ ವಸ್ತು. ಪುಸ್ತಕದ ಎರಡು ಹಾಳೆಗಳ ನಡುವೆ ಇಟ್ಟರೆ ಕಾಣದು. ಒಂದನ್ನು ತೆಗೆದರೂ ಯಂತ್ರ ನಡೆಯುತ್ತದೆಯಾದ್ದರಿಂದ ಕಳವಾದದ್ದು ತಿಂಗಳುಗಟ್ಟಲೆ ಗೊತ್ತಾಗದು.

ಯಾರು ತೆಗೆದಿರಬಹುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅಧ್ಯಾಪಕರ ಕೊಠಡಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕರಾವಳಿಯ ತೇವಕ್ಕೆ ಈ ಫಲಕಗಳ ಹಿತ್ತಾಳೆಬಣ್ಣದ ಅಂಚು ಮಂಕಾಗಿ ಯಂತ್ರವು ಬೀಪ್ ಬೀಪ್ ಎಂದು ಕೂಗಿ ನಿಂತುಬಿಡುವುದಿತ್ತು. ಆಗ ಮುಚ್ಚಳ ತೆರೆದು, ಫಲಕವನ್ನು ಹೊರಗೆಳೆದು, ಪೆನ್ಸಿಲಿನ ರಬ್ಬರಿನಿಂದ ಅಂಚನ್ನು ಉಜ್ಜಿ ಮತ್ತೆ ಕೂರಿಸಿದರೆ ಸರಿಯಾಗುತ್ತಿತ್ತು. ಶಾಲೆಯಲ್ಲಿ ಈ ಕೆಲಸ ಬಲ್ಲ ವಿದ್ಯಾರ್ಥಿ ಅವನೊಬ್ಬನೇ. ಎಷ್ಟೋ ಸಲ ನಾವೇ ಅವನನ್ನು ತರಗತಿಯಿಂದ ಕರೆಸಿ ಈ ಕೆಲಸ ಮಾಡಿಸಿದ್ದೆವು. ಅವನು ತೆಗೆಯಬಲ್ಲ, ಆದುದರಿಂದ ಅವನೇ ತೆಗೆದ. ನಮ್ಮ ತರ್ಕ ಇಷ್ಟೇ. ಈ ವಾಕ್ಯವನ್ನು ಇಂದು ಬರೆಯುವಾಗ ಅದರ ಪೊಳ್ಳುತನ ಎದ್ದು ಕಾಣುತ್ತದೆ. ಅಂದು, ಹದಿನೈದು ಮಂದಿ ಪದವೀಧರರು ಕುಳಿತಿದ್ದ ಕೋಣೆಯಲ್ಲಿ, ಅದು ಯಾರಿಗೂ ಪೊಳ್ಳೆನಿಸಲಿಲ್ಲ.

ಇನ್ನೊಂದು ವಿಷಯವನ್ನು ಬಿಟ್ಟರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ. ಆ ಹುಡುಗ ಮಲಯಾಳ ಮಾಧ್ಯಮದವನು. ಸುದ್ದಿ ಹೊರಬಿದ್ದ ಎರಡೇ ದಿನಗಳಲ್ಲಿ ಕನ್ನಡ ವಿಭಾಗದ ಹೆತ್ತವರು ಕೆಲವರು ಬಂದು, ಅವರ ಮಕ್ಕಳಿಗೆ ಬೇರೆ ಸಮಯ, ನಮ್ಮ ಮಕ್ಕಳಿಗೆ ಬೇರೆ ಸಮಯ ಗೊತ್ತುಮಾಡಿ ಕೀಲಿಕೈಯನ್ನು ಕನ್ನಡದ ಅಧ್ಯಾಪಕರಲ್ಲಿಯೇ ಇರಿಸಬೇಕೆಂದರು. ಆ ಕಡೆಯವರು, ಕೋಣೆ ಮೊದಲಿನಿಂದಲೂ ಕನ್ನಡದವರ ಕೈಯಲ್ಲಿರುವಾಗ ದೂರು ಮಾತ್ರ ತಮ್ಮ ಮಕ್ಕಳ ಮೇಲೇಕೆ ಎಂದರು. ಎರಡೂ ಕಡೆಯವರಿಗೆ ನಾವು ಸಮಾಧಾನದ ಮಾತುಗಳನ್ನು ಹೇಳಿ ಕಳಿಸಿದೆವು. ಗಡಿನಾಡಿನ ಶಾಲೆಯ ಮುಖ್ಯೋಪಾಧ್ಯಾಯನಿಗೆ ಆ ಮಾತುಗಳು ಅಭ್ಯಾಸವಾಗಿರುತ್ತವೆ. ಆದರೆ ಸಂಶಯಕ್ಕೆ ಗುರಿಯಾದವನು ನಮ್ಮ ಕನ್ನಡ ತರಗತಿಯವನಲ್ಲ ಎಂದು ತಿಳಿದ ಕ್ಷಣದಲ್ಲಿ ನಮ್ಮ ಮನಸ್ಸಿಗೆ ಒಂದು ಬಗೆಯ ಹಗುರತನವಾಗಿತ್ತು. ಇದನ್ನು ನಾವು ಯಾರಿಗೂ ಹೇಳಿರಲಿಲ್ಲ. 1956ರಿಂದ ಈಚೆಗೆ ನಮ್ಮ ಭಾಷೆಗೆ ಆದ ಅನ್ಯಾಯಗಳನ್ನು ಎಣಿಸುತ್ತ ಬಂದವರು ನಾವು, ಎಣಿಸಬೇಕಾದುದೂ ಹೌದು. ಎಣಿಸುವ ಆ ಅಭ್ಯಾಸವೇ ಅಂದು ನಮ್ಮ ಕಣ್ಣಿಗೆ ಪೊರೆಯಾಗಿತ್ತು.

ಹುಡುಗನನ್ನು ಕಚೇರಿಗೆ ಕರೆಸಿದೆವು. ಬೆತ್ತ ಎತ್ತಲಿಲ್ಲ, ಗದರಿಸಲೂ ಇಲ್ಲ. ನಿನ್ನ ಭವಿಷ್ಯಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳುತ್ತೇವೆ, ಇರುವುದನ್ನು ಹೇಳಿಬಿಡು ಎಂದೆವು. ಈ ಮೃದುತ್ವವೇ ಹೆಚ್ಚು ಕ್ರೂರವಾದುದೆಂದು ಈಗ ಅನಿಸುತ್ತದೆ, ಏಕೆಂದರೆ ಅವನು ಕದ್ದಿದ್ದಾನೆ ಎಂಬ ತೀರ್ಪು ಅದರೊಳಗೆ ಮೊದಲೇ ಇತ್ತು. "ಞಾನ್ ಎಡುತ್ತಿಟ್ಟಿಲ್ಲ ಮಾಷೇ" ಎಂದ, ತಾನು ತೆಗೆದಿಲ್ಲ ಎಂದು. ಆಮೇಲೆ ನಮಗೆ ಚೆನ್ನಾಗಿ ಅರ್ಥವಾಗಲೆಂದೋ ಏನೋ, ಕನ್ನಡದಲ್ಲಿ, "ಆ ನಾಲ್ಕರಲ್ಲಿ ಮೊದಲಿಂದಲೂ ಒಂದೊಂದೇ ಇದ್ದದ್ದು" ಎಂದ. ನಾವು ದಾಸ್ತಾನು ಪುಸ್ತಕವನ್ನು ಅವನ ಮುಂದೆ ತಿರುಗಿಸಿ ಇರಿಸಿದೆವು. ಅವನು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಕಾದ್ರೆ ಕಾನತ್ತೂರಿಗೆ ಬರ್ತೇನೆ" ಎಂದ.

ಕಾನತ್ತೂರು ಯಾವುದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬರುವ ಅತಿಥಿಗಳಿಗಾಗಿ ಇಷ್ಟು ಹೇಳಬಹುದು: ನಾಲ್ವರು ದೈವಗಳ ಆ ಸನ್ನಿಧಿಯಲ್ಲಿ ಕೋರ್ಟಿನಲ್ಲಿ ತೀರದ ವ್ಯಾಜ್ಯಗಳೂ ಸತ್ಯದ ಮಾತಿನ ಮೇಲೆ ತೀರುತ್ತವೆಯೆಂಬ ನಂಬಿಕೆ ಬಹು ಹಿಂದಿನಿಂದ ಬಂದಿದೆ. ಕನ್ನಡ ಮಾತಾಡುವವರೂ ತುಳುವರೂ ಮಲಯಾಳಿಗಳೂ ಅಲ್ಲಿಗೆ ಹೋಗುತ್ತಾರೆ. ಕದ್ದವನು ಆ ಹೆಸರನ್ನು ತಾನಾಗಿ ಎತ್ತುವುದಿಲ್ಲ. ಇದು ನಮ್ಮ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು, ನಮಗೂ ಗೊತ್ತಿತ್ತು. ಆದರೂ ಒಂಬತ್ತನೆಯ ತರಗತಿಯ ಹುಡುಗನ ಮಾತಿಗಿಂತ ನಮ್ಮ ಪುಸ್ತಕದ ಸಾಲು ನಮಗೆ ದೊಡ್ಡದಾಯಿತು. ಮಗುವನ್ನು ಪ್ರಮಾಣಕ್ಕೆ ನಿಲ್ಲಿಸಬಾರದು ಎಂದು ಉದಾರವಾಗಿ ಹೇಳಿ, ಪ್ರಕರಣವನ್ನು "ಇಲ್ಲಿಗೇ ಬಿಡೋಣ" ಎಂದು ಮುಗಿಸಿದೆವು. ಬಿಟ್ಟುಬಿಡುವುದೂ ಒಂದು ಬಗೆಯ ಶಿಕ್ಷೆ. ತಪ್ಪು ಮಾಡಿದವನಿಗೆ ಅದು ಕ್ಷಮೆ. ಮಾಡದವನಿಗೆ ನಿರಪರಾಧಿಯಾಗುವ ಅವಕಾಶವನ್ನೇ ಅದು ಕಸಿದುಕೊಳ್ಳುತ್ತದೆ.

ಅವನು ಮುಂದೆ ಆ ಕೋಣೆಗೆ ಬರಲಿಲ್ಲ. ಪಠ್ಯದ ಕಡ್ಡಾಯ ಅವಧಿಗೆ ಬಂದಾಗ ಮೌಸನ್ನು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ ಎಂದು ಅವನ ಅಧ್ಯಾಪಕರು ಹೇಳುತ್ತಿದ್ದರು. ಯಂತ್ರ ಬೀಪ್ ಎಂದರೆ ಪೇಟೆಯಿಂದ ರಿಪೇರಿಯವರನ್ನು ಕರೆಸತೊಡಗಿದೆವು.

ಆಮೇಲೆ ನಾವು ನಿವೃತ್ತರಾದೆವು. ಕೇರಳದಲ್ಲಿ ಆಗ ನಿವೃತ್ತಿಯ ವಯಸ್ಸು 55. ಮುಖ್ಯೋಪಾಧ್ಯಾಯನು ನಿವೃತ್ತನಾಗುವಾಗ ಶಾಲೆಯ ಆಸ್ತಿಯಲ್ಲಿ ಏನಾದರೂ ಕೊರತೆಯಿದ್ದರೆ ಅದು ಅವನ ಬಾಧ್ಯತೆಯಾಗುತ್ತದೆ. ಬಾಧ್ಯತೆಯಿಲ್ಲವೆಂಬ ಪ್ರಮಾಣಪತ್ರ ದೊರೆಯದೆ ನಿವೃತ್ತಿವೇತನದ ಕಾಗದಗಳು ಸರಾಗವಾಗಿ ಮುಂದೆ ಸರಿಯವು. ಪಟ್ಟಿ ಮಾಡುವಾಗ ಆ ನಾಲ್ಕು ಫಲಕಗಳು ಮತ್ತೆ ಎದ್ದುವು. ಅವುಗಳ ಬೆಲೆಯನ್ನು ನಾವು ಕಟ್ಟಬೇಕಾದೀತೇ ಎಂಬ ಚಿಂತೆಯಿಂದ ಹಳೆಯ ಬಿಲ್ಲುಗಳ ಕಟ್ಟನ್ನು ಬಿಚ್ಚಿ, ಎರಡು ಸಂಜೆ ಕುಳಿತು ಒಂದೊಂದೇ ಕಾಗದವನ್ನು ನೋಡಿದೆವು. ಎರಡನೆಯ ಕಂತಿನ ನಾಲ್ಕು ಯಂತ್ರಗಳ ಬಿಲ್ಲು ಸಿಕ್ಕಿತು. ಅದರಲ್ಲಿ 128 ಎಂ.ಬಿ. ಎಂದಿತ್ತು. ಕೂಡಿಸಿದ ಹಣ ಸಾಲದೆ, ಸದ್ಯಕ್ಕೆ ಒಂದೊಂದೇ ಫಲಕ ಸಾಕು, ಮುಂದೆ ಅನುಕೂಲವಾದಾಗ ಇನ್ನೊಂದನ್ನು ಹಾಕಿಸೋಣ ಎಂದು ಖರೀದಿಯ ದಿನವೇ ತೀರ್ಮಾನಿಸಿದ ಟಿಪ್ಪಣಿಯೂ ಬಿಲ್ಲಿನ ಹಿಂದೆ ಇತ್ತು. ಖರೀದಿ ನೋಡಿಕೊಂಡಿದ್ದ ಅಧ್ಯಾಪಕರು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಬಿಲ್ಲಿಗೆ ಸಹಿ ಮಾಡಿದ್ದು ನಾವು. ದಾಸ್ತಾನು ಪುಸ್ತಕದಲ್ಲಿ ಬರೆದದ್ದೂ ನಾವೇ. ಬಂದ ಪೆಟ್ಟಿಗೆಗಳನ್ನು ತೆರೆದು ನೋಡಿ ಬರೆಯಲಿಲ್ಲ, ಬಿಲ್ಲನ್ನು ನೋಡಿಯೂ ಬರೆಯಲಿಲ್ಲ. ಮೊದಲು ಕಳುಹಿಸಿದ್ದ ಬೇಡಿಕೆಪತ್ರದ ಪ್ರತಿಯನ್ನು ಮುಂದಿಟ್ಟುಕೊಂಡು ನಕಲು ಮಾಡಿದ್ದೆವು.

ಕಳವೇ ಆಗಿರಲಿಲ್ಲ.

ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ರಾಜನ ಬೊಕ್ಕಸವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸುತ್ತಾನೆ. ಬಂದುದನ್ನು ಬರಲಿಲ್ಲವೆಂದು ತೋರಿಸುವುದರ ಜತೆಗೆ, ಬಾರದುದನ್ನು ಬಂದಿದೆಯೆಂದು ತೋರಿಸುವುದೂ ಆ ಪಟ್ಟಿಯಲ್ಲಿದೆ. ಬಾರದುದನ್ನು ಬಂತೆಂದು ಬರೆದರೆ ಬೊಕ್ಕಸಕ್ಕೇನು ನಷ್ಟವೆಂದು ಬಿ.ಎ. ಓದುವಾಗ ನಮಗೆ ಅರ್ಥವಾಗಿರಲಿಲ್ಲ. ನಮ್ಮ ಪ್ರಸಂಗದಲ್ಲಿ ಬೊಕ್ಕಸಕ್ಕೆ ನಷ್ಟವಾಗಲಿಲ್ಲ. ಇನ್ನೊಬ್ಬನ ಹೆಸರು ಹೋಯಿತು. ಆದರೆ ನಮ್ಮನ್ನು ಇಂದಿಗೂ ಹೆಚ್ಚು ಕಾಡುವುದು ತಪ್ಪಾದ ಬರಹವಲ್ಲ. ಬರೆಯುವವನ ಕೈ ತಪ್ಪುವುದುಂಟು. ಹುಡುಗನ ಮೇಲೆ ಅಪವಾದ ಬಂದಾಗ ಆ ಬಿಲ್ಲಿನ ಕಟ್ಟು ಅದೇ ಕಪಾಟಿನಲ್ಲಿ, ನಮ್ಮ ಕುರ್ಚಿಯ ಹಿಂದೆ ಇತ್ತು. ಅಂದು ನಾವು ಅದನ್ನು ಬಿಚ್ಚಲಿಲ್ಲ. ನಮ್ಮ ನಿವೃತ್ತಿವೇತನದ ಪ್ರಶ್ನೆ ಬಂದಾಗ ಬಿಚ್ಚಿದೆವು.

ಬಸವಣ್ಣನವರು ಶುದ್ಧಿಯ ಲಕ್ಷಣಗಳನ್ನು ಹೇಳುವ ಪ್ರಸಿದ್ಧ ವಚನದಲ್ಲಿ ಕಳವಿನ ನಿಷೇಧವನ್ನು ಕೊಲೆಯ ನಿಷೇಧಕ್ಕಿಂತಲೂ ಮೊದಲು ಇರಿಸಿದ್ದಾರೆ ಎಂದು ಮಕ್ಕಳಿಗೆ ಪಾಠ ಹೇಳಿದ್ದೇವೆ. ಅದೇ ಪಟ್ಟಿಯ ಕೊನೆಯಲ್ಲಿ, ಎದುರಿನವರನ್ನು ಹಳಿಯಬಾರದೆಂಬ ಮಾತೂ ಇದೆ. ಮೊದಲನೆಯದನ್ನು ಮಕ್ಕಳಿಗೆ ಒತ್ತಿ ಹೇಳಿದೆವು. ಕೊನೆಯದು ಅಧ್ಯಾಪಕರಿಗೆ ಹೇಳಿದ್ದೆಂದು ನಮಗೆ ಹೊಳೆದಿರಲಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಅಣಿಮಾಂಡವ್ಯನ ಕಥೆಯಿದೆ. ಮಾಂಡವ್ಯ ಋಷಿಯು ಮೌನವ್ರತದಲ್ಲಿದ್ದಾಗ ಕಳ್ಳರು ಕದ್ದ ಸೊತ್ತನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟು ಅಡಗುತ್ತಾರೆ. ರಾಜಭಟರಿಗೆ ಸೊತ್ತು ಸಿಗುತ್ತದೆ, ಋಷಿ ಮಾತಾಡುವುದಿಲ್ಲ. ರಾಜನು ಕಳ್ಳರೊಡನೆ ಅವನನ್ನೂ ಶೂಲಕ್ಕೇರಿಸುತ್ತಾನೆ. ಋಷಿ ಸಾಯುವುದಿಲ್ಲ. ತಪ್ಪು ತಿಳಿದ ರಾಜ ಓಡಿ ಬಂದು ಕಾಲಿಗೆ ಬಿದ್ದು ಇಳಿಸುತ್ತಾನೆ. ಆದರೆ ಶೂಲವನ್ನು ಎಷ್ಟು ಎಳೆದರೂ ಅದು ಹೊರಗೆ ಬರುವುದಿಲ್ಲ. ಕೊನೆಗೆ ಹೊರಗೆ ಕಾಣುವಷ್ಟನ್ನು ಕತ್ತರಿಸುತ್ತಾರೆ. ತುದಿಯು ಮೈಯೊಳಗೇ ಉಳಿದು, ಅದನ್ನು ಹೊತ್ತುಕೊಂಡೇ ಋಷಿ ತಿರುಗುತ್ತಾನೆ. ಅಣಿಮಾಂಡವ್ಯನೆಂಬ ಹೆಸರು ಬಂದದ್ದೇ ಹಾಗೆ. ತನಗೇಕೆ ಈ ಶಿಕ್ಷೆಯೆಂದು ಯಮಧರ್ಮನನ್ನು ಕೇಳಿದಾಗ, ಚಿಕ್ಕಂದಿನಲ್ಲಿ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ ಪಾಪವೆಂದು ಉತ್ತರ ಬರುತ್ತದೆ. ಋಷಿ ಧರ್ಮನನ್ನೇ ಶಪಿಸಿ, 14 ವರ್ಷ ತುಂಬುವ ತನಕ ಮಾಡಿದ್ದು ಯಾರಿಗೂ ಪಾಪವಾಗದಿರಲಿ ಎಂದು ಕಟ್ಟಳೆ ಹಾಕುತ್ತಾನೆ. ಆ ಶಾಪದಿಂದ ಹುಟ್ಟಿದವನೇ ವಿದುರ. ರಾಜನ ಕ್ಷಮಾಪಣೆ ಪ್ರಾಮಾಣಿಕವಾದುದೇ. ಆದರೂ ಒಳಗಿನ ತುದಿ ಒಳಗೇ ಉಳಿಯಿತು ಎಂದು ಹೇಳಿದ ಕವಿಗೆ ಆಪಾದನೆಯ ಸ್ವಭಾವ ಚೆನ್ನಾಗಿ ತಿಳಿದಿತ್ತು.

ಬಿಲ್ಲು ಸಿಕ್ಕಿದ ಮರುದಿನ ನಾವು ಅವನ ಮನೆಗೆ ಹೋದೆವು. ಹತ್ತನೆಯ ಪರೀಕ್ಷೆ ಮುಗಿದಿತ್ತು. ಅವನು ಪೇಟೆಯ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗಿದ್ದ, ಅಂಗಡಿ ಬಟ್ಟೆಯದು. ತಾಯಿ ಚಹಾ ಕೊಟ್ಟರು. ಸಂಜೆ ಅವನು ಬಂದಾಗ ಅವರೆದುರಿಗೇ ಎಲ್ಲವನ್ನೂ ಹೇಳಿ, ಬಿಲ್ಲಿನ ಪ್ರತಿಯನ್ನು ತೋರಿಸಿದೆವು. ಅವನು ಓದಿ ನೋಡಿ ಮರಳಿ ಕೊಟ್ಟ. "ನಾನು ಅವತ್ತೇ ಹೇಳಿದ್ದೆನಲ್ಲ ಮಾಷೇ" ಎಂದ. ಸಿಟ್ಟಿರಲಿಲ್ಲ. ಅಷ್ಟರ ಹೊರತು ಬೇರೇನನ್ನೂ ಹೇಳಲಿಲ್ಲ. ಪ್ರಾರ್ಥನೆಯ ವೇಳೆ ಎಲ್ಲರೆದುರು ಇದನ್ನು ತಿಳಿಸಬೇಕೆಂದು ನಮಗಿತ್ತು; ಶಾಲೆಗೆ ರಜೆಯಾಗಿತ್ತು, ರಜೆ ಮುಗಿಯುವಷ್ಟರಲ್ಲಿ ನಾವು ಮುಖ್ಯೋಪಾಧ್ಯಾಯರಾಗಿ ಉಳಿದಿರಲಿಲ್ಲ. ಹೊಸಬರಿಗೆ ಪತ್ರ ಬರೆದೆವು. ಓದಿದರೋ ಇಲ್ಲವೋ ಕೇಳಲು ಹೋಗಲಿಲ್ಲ.

ಈಗ ಬೀಗದ ಮಾತಿಗೆ ಬರೋಣ. ನಾವು ಮೂವತ್ತು ವರ್ಷ ನಂಬಿದ್ದಂತೆ ಬೀಗ ಅವಮಾನವೇ? ಕಳ್ಳನ ಕಡೆಯಿಂದಲೇ ನೋಡಿ ನಾವು ಹಾಗೆ ತಿಳಿದಿದ್ದೆವು. ಕಳ್ಳನಿಗೆ ಬೀಗ ದೊಡ್ಡ ತಡೆಯೇನಲ್ಲ. ನಮ್ಮ ಕೋಣೆಯ ಬಾಗಿಲಿಗೆ ಎಷ್ಟು ಬೀಗ ಹಾಕಿದರೂ ಮಾಡಿನ ನಾಲ್ಕು ಹಂಚು ಸರಿಸಿದರೆ ಒಳಗಿಳಿಯಬಹುದಿತ್ತು. ಕದಿಯದವನ ಕಡೆಯಿಂದ ನೋಡಿದರೆ ಬೀಗದ ಅರ್ಥವೇ ಬೇರೆ. ಹತ್ತು ಜನರ ಸೊತ್ತು ಕಳವಾದಾಗ ಕಳ್ಳನೊಬ್ಬ, ಸಂಶಯಕ್ಕೆ ಒಳಗಾಗುವವರು ಉಳಿದ ಒಂಬತ್ತು ಮಂದಿ. ಅದರಲ್ಲಿಯೂ ಸಂಶಯವು ಎಲ್ಲರ ಮೇಲೆ ಸಮನಾಗಿ ಹರಡುವುದಿಲ್ಲ. ಅದು ಇಳಿಜಾರು ಹುಡುಕುತ್ತ ಹರಿಯುತ್ತದೆ. ಬಡವನ ಕಡೆಗೆ, ಬೇರೆ ಭಾಷೆಯವನ ಕಡೆಗೆ, ಕೆಲಸ ಬಲ್ಲವನ ಕಡೆಗೆ. ನಾವು ಕೀಲಿಕೈಯ ಲೆಕ್ಕ ಇಡದೆ, ಮುಚ್ಚಳಕ್ಕೊಂದು ಮೊಹರು ಹಚ್ಚದೆ, ಮಕ್ಕಳನ್ನು ನಂಬುತ್ತೇವೆಂದು ಬೀಗಿದೆವು. ಮುಚ್ಚಳಕ್ಕೆ ಮೊಹರು ಇದ್ದು, ತೆರೆದ ದಿನವನ್ನು ಗುರುತಿಸುವ ಕ್ರಮ ಇದ್ದಿದ್ದರೆ ಆ ಹುಡುಗನು ಅದನ್ನು ತೋರಿಸಿ ಪಾರಾಗುತ್ತಿದ್ದ. ನಮ್ಮ ಔದಾರ್ಯವು ಅವನ ಕೈಯಲ್ಲಿ ಯಾವ ಸಾಕ್ಷಿಯನ್ನೂ ಉಳಿಸಿರಲಿಲ್ಲ.

ಬಹಳ ಮಂದಿಗೆ ಸೇರಿದ ವಸ್ತುವಿಗೆ ಬಹಳ ಕಡಿಮೆ ಆರೈಕೆ ಸಿಗುತ್ತದೆ ಎಂದು ಅರಿಸ್ಟಾಟಲ್ ತನ್ನ ರಾಜ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಅದು ಪೂರ್ಣ ಸತ್ಯವಲ್ಲ. ನಮ್ಮ ಏತಡ್ಕದ ಕಡೆ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣಿನ ಕಟ್ಟ ಹಾಕುವವರನ್ನು ನೋಡಿ. ಮಳೆಗಾಲದಲ್ಲಿ ಕೊಚ್ಚಿಹೋಗುವ ಕಟ್ಟವನ್ನು ಮಳೆ ನಿಂತ ಮೇಲೆ ಕೃಷಿಕರು ಕೂಡಿ ಮತ್ತೆ ಕಟ್ಟುತ್ತಾರೆ. ನಿಂತ ನೀರು ಹತ್ತಾರು ತೋಟಗಳ ಬಾವಿಗೆ ಇಳಿಯುತ್ತದೆ. ಇಂಥ ಹಂಚಿಕೆಯ ಸೊತ್ತುಗಳು ತಾವೇ ಮಾಡಿಕೊಂಡ ನಿಯಮ, ತಾವೇ ಇಡುವ ನಿಗಾ ಇವುಗಳಿಂದ ಉಳಿಯುತ್ತವೆ ಎಂದು ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಕಟ್ಟದಲ್ಲಿ ಕೈಯಾಡಿಸಿದವನಿಗೆ ಕಟ್ಟ ತನ್ನದೆನಿಸುತ್ತದೆ. ನಮ್ಮ ಶಾಲೆಯ ಕೋಣೆಯನ್ನು ತನ್ನದೆಂದು ತಿಳಿದಿದ್ದ ವಿದ್ಯಾರ್ಥಿ ಒಬ್ಬನಿದ್ದ, ಅವನನ್ನೇ ನಾವು ಹೊರಗಟ್ಟಿದೆವು.

ಆದುದರಿಂದ ಸಮಿತಿಯ ಮುಂದೆ ನಮ್ಮ ಅಭಿಪ್ರಾಯ ಇದು. ಬಾಗಿಲಿಗೆ ಬೀಗವಿರಲಿ; ಕೀಲಿಕೈ ಯಾರಲ್ಲಿ, ಎಷ್ಟು ಹೊತ್ತಿನಿಂದ ಎಂದು ಗೋಡೆಯ ಮೇಲೆಯೇ ಬರೆದಿರಲಿ. ಮಾಡಿನ ಕೆಳಗೆ ಕಬ್ಬಿಣದ ಬಲೆ ಹಾಕಿಸದೆ ಬಾಗಿಲಿಗೆ ಎರಡನೆಯ ಬೀಗ ಕೊಳ್ಳುವುದು ವ್ಯರ್ಥ. ಹಲವು ಲ್ಯಾಪ್‌ಟಾಪುಗಳ ಬದಿಯಲ್ಲಿ ಉಕ್ಕಿನ ಸರಿಗೆಯನ್ನು ಸಿಕ್ಕಿಸುವ ಸಣ್ಣ ಸಂದು ಇರುತ್ತದೆ, ಅದನ್ನು ಮೇಜಿಗೆ ಬಿಗಿಯಬಹುದು. ಪ್ರತಿ ಯಂತ್ರದ ಮೇಲೂ ಸಂಘದ ಹೆಸರನ್ನೂ ಸಂಖ್ಯೆಯನ್ನೂ ಅಳಿಸಲಾಗದಂತೆ ಕೊರೆಯಿಸಬೇಕು. ಹೆಸರಿರುವ ವಸ್ತುವನ್ನು ಕೊಳ್ಳುವವರು ಕಡಿಮೆ. ಪ್ರತಿ ಮೇಜಿನಲ್ಲಿ ಒಂದು ಹಾಳೆ ಇರಲಿ. ಬಂದವರು ಕುಳಿತೊಡನೆ ಮೌಸು, ಕೀಲಿಮಣೆ, ತಂತಿ ಎಲ್ಲ ಇದೆಯೇ ನೋಡಿ ಸಹಿ ಮಾಡಲಿ. ಏಳುವಾಗ ಸಹಿ ಮಾಡುವ ಪದ್ಧತಿ ಕೆಲವೆಡೆ ಇದೆ. ಅದರಿಂದ ಸಂಶಯವು ಎದ್ದುಹೋದವನ ಬೆನ್ನಿಗೆ ಬೀಳುತ್ತದೆ. ಕುಳಿತುಕೊಳ್ಳುವಾಗಿನ ಸಹಿಯಲ್ಲಿ ಬಂದವನು ಹಿಂದಿನವನನ್ನು ದೋಷಮುಕ್ತಗೊಳಿಸುತ್ತಾನೆ. ವ್ಯತ್ಯಾಸ ಸಣ್ಣದೆನಿಸಬಹುದು, ನಮಗೆ ಸಣ್ಣದಲ್ಲ.

ಕ್ಯಾಮರಾ ಬೇಡವೇ? ಬಾಗಿಲಲ್ಲಿ ಇರಲಿ, ಕುಳಿತವರ ಬೆನ್ನ ಹಿಂದೆ ಬೇಡ. ಯಾರು ಬಂದರು, ಯಾರು ಹೋದರು ಎಂಬುದು ಸಂಘದ ವಿಷಯ. ಯಾರು ಏನನ್ನು ಓದುತ್ತಿದ್ದಾರೆ, ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂಬುದು ಅವರ ವಿಷಯ.

ಏನಾದರೂ ಕಳೆದುಹೋದರೆ ಎಲ್ಲ ಬಳಕೆದಾರರಿಂದಲೂ ವಸೂಲು ಮಾಡಬೇಕೆಂಬ ಸೂಚನೆಯೂ ಬಂದಿದೆ. ಇದನ್ನು ನಾವು ಒಪ್ಪುವುದಿಲ್ಲ. ಮೊದಲೇ ಎಲ್ಲರಿಂದ ವರ್ಷಕ್ಕಿಷ್ಟೆಂದು ತೆಗೆದು ನಷ್ಟದ ನಿಧಿಯಾಗಿ ಇರಿಸುವುದು ಬೇರೆ. ಅದು ಕೂಡಿ ಕಟ್ಟುವ ಕಟ್ಟ. ಕಳೆದ ಮೇಲೆ ಎಲ್ಲರಿಗೂ ದಂಡ ಹಾಕುವುದು ಬೇರೆ. ಅದರ ಮೊತ್ತ ಹತ್ತೇ ರೂಪಾಯಿಯಾದರೂ ಕೊಡುವವನು ಕಳ್ಳತನದಲ್ಲಿ ಪಾಲುದಾರನೆಂದು ಒಪ್ಪಿಕೊಂಡಂತಾಗುತ್ತದೆ. ಹಣವಿಲ್ಲದ ಮನೆಯ ಮಗು ಅಂದಿನಿಂದ ಬರುವುದನ್ನೇ ನಿಲ್ಲಿಸುತ್ತದೆ. ಆಗ ಊರವರು, ನಿಲ್ಲಿಸಿದವನೇ ಕಳ್ಳನಿರಬೇಕು ಎನ್ನುತ್ತಾರೆ.

ಹಿರಿಯರು ಕೇಳಿದ "ನಮ್ಮವೇ ಮಕ್ಕಳಲ್ಲವೇ" ಎಂಬ ಮಾತಿಗೂ ಉತ್ತರ ಬಾಕಿಯಿದೆ. ಸಂಘದ ಕೋಣೆಗೆ ನಮ್ಮ ಮಕ್ಕಳು ಮಾತ್ರ ಬರುವುದಿಲ್ಲ. ನೆರೆಮನೆಯ ಮಲಯಾಳಿ ಹುಡುಗರು, ತುಳು, ಕೊಂಕಣಿ, ಬ್ಯಾರಿ ಮಾತಾಡುವವರು ಎಲ್ಲರೂ ಬರಲಿ ಎಂದೇ ನಿರ್ಣಯದಲ್ಲಿದೆ. ಏನಾದರೊಂದು ಕಾಣೆಯಾದ ದಿನ ನಮ್ಮ ಸಂಶಯ ಯಾರ ಕಡೆಗೆ ಹರಿಯುತ್ತದೆಯೆಂದು ಇಂದೇ ಯೋಚಿಸಿ, ಅವರನ್ನು ಕಾಯುವ ವ್ಯವಸ್ಥೆಯನ್ನು ಇಂದೇ ಮಾಡಿಡಬೇಕು.

ದಾಸ್ತಾನು ಪುಸ್ತಕವನ್ನು ಬರೆಯಲು ಯಾರಿದ್ದಾರೆಂದು ಕಾರ್ಯದರ್ಶಿಗಳು ಕಳೆದ ವಾರ ಕೇಳಿದರು. ನಾವೇ ಬರೆಯುತ್ತೇವೆಂದು ಹೇಳಿದ್ದೇವೆ. ಪೆಟ್ಟಿಗೆಗಳು ಬರುವ ದಿನವನ್ನು ಒಂದು ದಿನ ಮೊದಲೇ ತಿಳಿಸಬೇಕು. ಒಂದೊಂದನ್ನೂ ತೆರೆಯಿಸಿ ನೋಡದೆ ಸಹಿ ಹಾಕುವುದಿಲ್ಲ. ಕಂಪ್ಯೂಟರಿನ ಒಳಭಾಗವನ್ನು ಬಲ್ಲ ಇಬ್ಬರು ತರುಣರು ಜತೆಗಿರಲಿ, ಯಾವ ಭಾಷೆಯವರಾದರೂ ಸರಿ. ನಾವು ಕನ್ನಡಕ ಮರೆಯದೆ ಬರುತ್ತೇವೆ.